ಕುಕ್ಕಿ ತುಂಬಿದ ಮರಳು

ಕೇಳುಗರಿಗೆ ನಮಸ್ಕಾರ.

ಮಲ್ಪೆಗೋ ಮರವಂತೆಗೋ ಹೋದಾಗ, ಅಲೆ ಆಗಷ್ಟೇ ಹಿಂದೆ ಸರಿದ ಒದ್ದೆ ಮರಳಿನ ಮೇಲೆ ನಿಧಾನವಾಗಿ ಕಾಲೂರಿ ನೋಡಿ. ಅಲ್ಲಿನವರು ಹೊಯಿಗೆ ಅನ್ನುತ್ತಾರೆ, ಧಾರವಾಡದ ಕಡೆ ಉಸುಕು. ಹೆಸರು ಯಾವುದಾದರೂ ಆಟ ಒಂದೇ. ಪಾದದ ಸುತ್ತ ಥಟ್ಟನೆ ಬಿಳಿಚಿಕೊಳ್ಳುತ್ತದೆ, ಒಣಗಿದ ಹಾಗೆ. ಭಾರ ಬಿದ್ದರೆ ಒದ್ದೆ ಬಟ್ಟೆ ಹಿಂಡಿದಂತೆ ನೀರು ಹೊರಗೆ ಬರಬೇಕಲ್ಲವೇ? ಇಲ್ಲಿ ಒಳಗೆ ಹೋಗುತ್ತದೆ.

ಕಾರಣ ಹೇಳಿದವರು ಮ್ಯಾಂಚೆಸ್ಟರಿನ ಆಸ್ಬೋರ್ನ್ ರೆನಾಲ್ಡ್ಸ್, 1885ರಲ್ಲಿ. ಅಲೆ ತಟ್ಟಿ ಕೂರಿಸಿದ ಮರಳಿನಲ್ಲಿ ಕಾಳುಗಳು ಒಂದರ ಸಂದಿಯಲ್ಲಿ ಒಂದು ಹೊಂದಿಕೊಂಡಿರುತ್ತವೆ. ಪಾದ ದೂಡಿದಾಗ ಜಾರಲು ದಾರಿಯಿಲ್ಲ. ಪಕ್ಕದ ಕಾಳಿನ ಹೆಗಲೇರಿಯೇ ಸರಿಯಬೇಕು. ಹೆಗಲೇರಿದರೆ ಸಂದು ಹಿಗ್ಗುತ್ತದೆ, ಮೇಲಿನ ನೀರು ಅಲ್ಲಿಗೆ ಇಳಿಯುತ್ತದೆ.

ಸೇರಿನಲ್ಲಿ ಅಕ್ಕಿ ಅಳೆದವರಿಗೆ ಇದರ ಅರ್ಧ ಗೊತ್ತು. ಸೇರನ್ನು ಕುಕ್ಕಿದರೆ ಇನ್ನೊಂದು ಹಿಡಿ ಹಿಡಿಸುತ್ತದೆ. ಕುಕ್ಕಿ ಅಂತ ಕೊಳ್ಳುವವರು, ಬೇಡ ಅಂತ ಮಾರುವವರು.

ಪ್ರಯೋಗಾಲಯದಲ್ಲಿ ಇದನ್ನೇ ಶಿಯರ್ ಬಾಕ್ಸಿನಲ್ಲಿ ನೋಡುತ್ತೇವೆ. ಆರು ಸೆಂಟಿಮೀಟರ್ ಚೌಕದ ಡಬ್ಬಿ, ನಡುವೆ ಅಡ್ಡಲಾಗಿ ಎರಡು ಹೋಳು. ಮರಳು ತುಂಬಿ, ಭಾರ ಹೇರಿ, ಒಂದು ಹೋಳನ್ನು ಮೆಲ್ಲಗೆ ಸರಿಸುವುದು. ಕುಕ್ಕಿ ತುಂಬಿದ ಮರಳು ಅಷ್ಟು ಭಾರವನ್ನೂ ಹೊತ್ತು ಮುಚ್ಚಳವನ್ನು ಮೇಲೆತ್ತುತ್ತದೆ! ಮುಚ್ಚಳ ಎಷ್ಟು ಎದ್ದಿತೆಂದು ಅಳೆಯುವ ಡಯಲ್ ಗೇಜಿನ ಮುಳ್ಳು ತಿರುಗುವುದನ್ನು ಮೊದಲ ಸಲ ಕಂಡ ಹುಡುಗರು ಯಂತ್ರ ಕೆಟ್ಟಿದೆ ಅಂದುಕೊಳ್ಳುತ್ತಾರೆ. ತಡೆಯುವ ಬಲ ಏರಿ, ತುದಿ ಮುಟ್ಟಿ, ಇಳಿಯುತ್ತದೆ. ಸಡಿಲವಾಗಿ ಸುರಿದ ಮರಳು ಕುಗ್ಗುತ್ತಾ ಬಿಗಿಯಾಗುತ್ತದೆ. ಸಾಕಷ್ಟು ದೂರ ಸರಿಸಿದರೆ ಎರಡೂ ಸುಮಾರು ಒಂದೇ ಮಟ್ಟಕ್ಕೆ ಬರುತ್ತವೆ.

ಫ್ರಾನ್ಸಿನ ಸೇನಾ ಎಂಜಿನಿಯರ್ ಕೂಲಂಬ್ 1773ರಲ್ಲೇ ಒಂದು ಸೂತ್ರ ಕೊಟ್ಟಿದ್ದರು: ಮೇಲಿನ ಒತ್ತಡ ಹೆಚ್ಚಿದಷ್ಟೂ ಜಾರುವಿಕೆಗೆ ತಡೆ ಹೆಚ್ಚು. ತಡೆಗೋಡೆ ಕಟ್ಟಲು ಇಂದಿಗೂ ಅದೇ ಬೇಕು. ಆದರೆ ಮರಳು ಯಾವಾಗ ಸೋಲುತ್ತದೆ ಅಂತಷ್ಟೇ ಅದು ಹೇಳುತ್ತದೆ. ಸೋಲುವ ಮೊದಲು ಹಿಗ್ಗಿತೇ, ಕುಗ್ಗಿತೇ ಎಂಬುದು ಅದರಲ್ಲಿಲ್ಲ. ಮಣ್ಣಿನ ಸಾಂದ್ರತೆಯನ್ನೂ ಲೆಕ್ಕಕ್ಕೆ ಹೊಂದಿಸಿದವರು 1958ರಲ್ಲಿ ಕೇಂಬ್ರಿಜಿನ ರೋಸ್ಕೋ, ಸ್ಕೋಫೀಲ್ಡ್, ರಾತ್.

ಇನ್ನು ವೇಗದ ಮಾತು; ನನಗೆ ಇದೇ ಹೆಚ್ಚು ಇಷ್ಟ. ಜೇನುತುಪ್ಪವನ್ನು ಬೇಗ ಕಲಕಿದರೆ ಕೈಗೆ ಹೆಚ್ಚು ಬಲ ಬೇಕು. ಅದು ಸ್ನಿಗ್ಧತೆ. ಮರಳನ್ನು ಒಂದು ನಿಮಿಷದಲ್ಲಿ ಸರಿಸಿ, ಒಂದು ಗಂಟೆಯಲ್ಲಿ ಸರಿಸಿ, ಅದು ಕೇಳುವ ಬಲ ಹೆಚ್ಚುಕಡಿಮೆ ಅಷ್ಟೇ. ಹಾಗಾದರೆ ಸ್ನಿಗ್ಧತೆಯೇ ಇಲ್ಲವೇ? ಸರಿಸುತ್ತಿರುವಾಗಲೇ ವೇಗವನ್ನು ಹತ್ತು ಪಟ್ಟು ಮಾಡಿ. ಬಲ ಒಮ್ಮೆ ಜಿಗಿಯುತ್ತದೆ. ಇನ್ನಷ್ಟು ಸರಿಯುವಷ್ಟರಲ್ಲಿ ಆ ಜಿಗಿತ ಕರಗಿ ಹಳೇ ಹಾದಿಗೆ ಸೇರುತ್ತದೆ. ಯಂತ್ರ ನಿಲ್ಲಿಸಿ ಭಾರವನ್ನು ಹಾಗೇ ಬಿಟ್ಟರೂ ಮರಳು ಸದ್ದಿಲ್ಲದೆ ತೆವಳುತ್ತದೆ. ಹಾಗಾಗಿ ಮರಳಿನ ಗಣಿತ ಬರೆಯುವವರು ಸ್ನಿಗ್ಧತೆಯ ಜೊತೆಗೆ, ಆ ಜಿಗಿತವನ್ನು ಕರಗಿಸುವ ಮರೆವನ್ನೂ ಬರೆಯಬೇಕು. ಜೇನಿಗೆ ಬರೆದ ಸಮೀಕರಣ ಇಲ್ಲಿ ನಡೆಯದು.

ಸಡಿಲ ಮರಳಿನ ಸಂದಿಯಲ್ಲೆಲ್ಲ ನೀರು ತುಂಬಿದ್ದು, ನೆಲವೇ ನಡುಗಿದರೆ ಏನಾದೀತು? ಕಾಳುಗಳು ಒತ್ತೊತ್ತಾಗಿ ಕೂರಲು ನೋಡುತ್ತವೆ, ನೀರಿಗೆ ಹೊರಹೋಗಲು ಪುರುಸೊತ್ತಿಲ್ಲ, ಮೇಲಿನ ಭಾರವೆಲ್ಲ ನೀರಿನ ತಲೆಗೆ. ಕಾಳುಗಳ ಹಿಡಿತ ತಪ್ಪಿ ಮರಳು ನೀರಿನಂತಾಗುತ್ತದೆ. ಜಪಾನಿನ ನೀಗಾಟಾದಲ್ಲಿ 1964ರ ಜೂನ್ 16ರ ಭೂಕಂಪದಲ್ಲಿ ಆದದ್ದು ಅದೇ. ನಾಲ್ಕು ಅಂತಸ್ತಿನ ವಸತಿ ಕಟ್ಟಡಗಳು ಪುಡಿಯಾಗದೆ, ಇದ್ದ ಹಾಗೇ ಪಕ್ಕಕ್ಕೆ ವಾಲಿದವು. ಒಂದಂತೂ ಕಿಟಕಿಗಳ ಸಮೇತ ಬೆನ್ನ ಮೇಲೆ ಮಲಗಿತ್ತು.