ಅಳುಕಿನಿಂದ ಹುಟ್ಟಿದ ಬರವಣಿಗೆ: ಪ್ಯೂರಿಟನ್ನರು ಮತ್ತು ಅಮೆರಿಕದ ಸಾಹಿತ್ಯ

ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ,

ಇಂಗ್ಲೆಂಡಿನ ಚರ್ಚನ್ನು ಇನ್ನಷ್ಟು ಶುದ್ಧಗೊಳಿಸಬೇಕು ಎಂದು ಹಟ ಹಿಡಿದ ಪ್ರಾಟೆಸ್ಟಂಟರೇ ಪ್ಯೂರಿಟನ್ನರು. ಅವರನ್ನು ಅಮೆರಿಕಕ್ಕೆ ತಂದ 1620ರ ಮೇಫ್ಲವರ್ ಹಡಗು, ಅವರು ನೆಲೆಸಿದ ಪ್ಲಿಮತ್, ಹತ್ತು ವರ್ಷದ ನಂತರ ಜಾನ್ ವಿನ್‌ತ್ರಾಪ್ ಮ್ಯಾಸಚೂಸೆಟ್ಸ್‌ಗೆ ಕರೆತಂದ ದೊಡ್ಡ ತಂಡ, ಲೋಕವೆಲ್ಲ ನಮ್ಮನ್ನೇ ನೋಡುತ್ತಿದೆ ಎನ್ನುವ ಅವನ 'ಬೆಟ್ಟದ ಮೇಲಿನ ನಗರ' ಎಂಬ ಮಾತು, ಇದೆಲ್ಲ ನಿಮಗೆ ಗೊತ್ತು. ಇಲ್ಲಿರುವ ಹಲವರು ಇದನ್ನು ಪಾಠ ಮಾಡಿದವರೇ. ಅದನ್ನೇ ಮತ್ತೆ ಹೇಳುತ್ತಾ ಹೊತ್ತು ಕಳೆಯುವುದಿಲ್ಲ. ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಸಂಗತಿ ಒಂದೇ. ನಮ್ಮ ತರಗತಿಗಳಲ್ಲಿ ಪ್ಯೂರಿಟನ್ ಅಂದ ಕೂಡಲೇ ಕಪ್ಪು ಬಟ್ಟೆ ತೊಟ್ಟ, ನಗು ಮರೆತ, ತಾನು ಹೇಳಿದ್ದೇ ಸತ್ಯ ಎಂದು ಬೀಗುವ ಒಬ್ಬ ಮನುಷ್ಯ ಕಣ್ಣ ಮುಂದೆ ಬರುತ್ತಾನೆ. ಅವರ ದಿನಚರಿ, ಪತ್ರ, ಪದ್ಯಗಳನ್ನು ಓದಿ ನೋಡಿ. ಅಲ್ಲಿ ಸಿಗುವವನಿಗೆ ತನ್ನ ಬಗ್ಗೆ ತನಗೇ ಖಾತರಿಯಿಲ್ಲ. ಅಮೆರಿಕದ ಸಾಹಿತ್ಯ ಹುಟ್ಟಿದ್ದು ಆ ಅಳುಕಿನಿಂದ ಎನ್ನುವುದು ನನ್ನ ನಂಬಿಕೆ. ಇವತ್ತು ಈ ಮಾತನ್ನು ಹಲವು ಸಲ ಹೇಳುತ್ತೇನೆ, ಸಹಿಸಿಕೊಳ್ಳಿ.

ಅಳುಕು ಎಲ್ಲಿಂದ ಬಂತು? ಹದಿನಾರನೆಯ ಶತಮಾನದ ಧರ್ಮಸುಧಾರಕ ಜಾನ್ ಕ್ಯಾಲ್ವಿನ್‌ನ ಬೋಧನೆಯಿಂದ. ಯಾರಿಗೆ ಮುಕ್ತಿ, ಯಾರಿಗೆ ನರಕ ಎಂದು ದೇವರು ಮೊದಲೇ ಗೊತ್ತುಮಾಡಿಬಿಟ್ಟಿದ್ದಾನೆ. ದಾನ ಮಾಡಿ, ಉಪವಾಸ ಮಾಡಿ, ತೀರ್ಪು ಬದಲಾಗುವುದಿಲ್ಲ. ತಾನು ಯಾವ ಪಟ್ಟಿಯಲ್ಲಿದ್ದೇನೆ ಎನ್ನುವುದೂ ತಿಳಿಯುವುದಿಲ್ಲ. ಹಾಗಾದರೆ ಮನುಷ್ಯ ಏನು ಮಾಡಬೇಕು? ದಿನವೂ ತನ್ನ ಮನಸ್ಸನ್ನೇ ಕೆದಕಿ, ಕೃಪೆಯ ಗುರುತು ಎಲ್ಲಾದರೂ ಇದೆಯೇ ಎಂದು ಹುಡುಕಬೇಕು, ಹುಡುಕಿದ್ದನ್ನು ಬರೆದಿಡಬೇಕು. ಬರೆದರೆ ಸಾಲದು, ನಾಲ್ಕು ಜನರ ಮುಂದೆ ಹೇಳಲೂಬೇಕು. ಮ್ಯಾಸಚೂಸೆಟ್ಸ್‌ನಲ್ಲಿ ಚರ್ಚಿನ ಸದಸ್ಯನಾಗಬೇಕಾದರೆ ತನ್ನೊಳಗೆ ದೇವರ ಕೃಪೆ ಹೇಗೆ ಕೆಲಸ ಮಾಡಿತು ಎಂದು ಸಭೆಗೆ ವಿವರಿಸಬೇಕಿತ್ತು. 1631ರಿಂದ ಅಲ್ಲಿ ಮತದ ಹಕ್ಕು ಕೂಡ ಸದಸ್ಯರಾದ ಗಂಡಸರಿಗೆ ಮಾತ್ರ. ಕೇಂಬ್ರಿಜ್ ಊರಿನ ಪಾದ್ರಿ ಥಾಮಸ್ ಶೆಪರ್ಡ್ ಇಂಥ ಹೇಳಿಕೆಗಳನ್ನು ಬರೆದಿಟ್ಟಿದ್ದಾನೆ. ಅವುಗಳಲ್ಲಿ ಮನೆಗೆಲಸದ ಹೆಣ್ಣುಮಕ್ಕಳ ಮಾತುಗಳೂ ಇವೆ. ಹದಿನೇಳನೆಯ ಶತಮಾನದಲ್ಲಿ ಒಬ್ಬ ಕೆಲಸದಾಕೆ ತನ್ನ ಒಳಗಿನ ಕಥೆ ಹೇಳುತ್ತಾಳೆ, ವಿದ್ವಾಂಸನೊಬ್ಬ ಕೂತು ಅದನ್ನು ಬರೆದುಕೊಳ್ಳುತ್ತಾನೆ. ಇದು ಸಣ್ಣ ಸಂಗತಿಯಲ್ಲ.

ಓದು ಬರಹದ ಬಗ್ಗೆ ಅವರಿಗಿದ್ದ ಹಟವೂ ಇದರದೇ ಫಲ. ಬೈಬಲನ್ನು ತಾನೇ ಓದಬೇಕು. ಅದಕ್ಕಾಗಿ 1636ರಲ್ಲಿ ಹಾರ್ವರ್ಡ್, 1647ರಲ್ಲಿ ಐವತ್ತು ಮನೆಗಳಿರುವ ಪ್ರತಿ ಊರಿಗೂ ಒಬ್ಬ ಮೇಷ್ಟ್ರು ಇರಲೇಬೇಕೆಂಬ ಕಾನೂನು. ಜನರನ್ನು ಧರ್ಮಗ್ರಂಥದಿಂದ ದೂರ ಇಡುವುದೇ ಸೈತಾನನ ಹಂಚಿಕೆ ಎಂದು ಆ ಕಾನೂನೇ ಹೇಳುತ್ತದೆ. ಸೈತಾನನ ಮೇಲಿನ ಸಿಟ್ಟಿನಿಂದ ಶಾಲೆ ತೆರೆದವರು ಇವರು! ಇಲ್ಲೇ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಕನೆಕ್ಟಿಕಟ್‌ನ ಪಾದ್ರಿಗಳು 1701ರಲ್ಲಿ ಕಟ್ಟಿದ ವಿದ್ಯಾಲಯಕ್ಕೆ ಯೇಲ್ ಎಂಬ ಹೆಸರು ಬಂದದ್ದು ಎಲಿಹು ಯೇಲ್‌ನಿಂದ. ಅವನು ಐದು ವರ್ಷ ನಮ್ಮ ಪಕ್ಕದ ಮದ್ರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಆಗಿದ್ದವನು, ಸಂಪತ್ತು ಕೂಡಿಸಿದ್ದೂ ಅಲ್ಲಿಯೇ. 1718ರಲ್ಲಿ ಅವನು ಕಳಿಸಿದ ಒಂಬತ್ತು ಮೂಟೆ ಸರಕನ್ನು ಮಾರಿ ಬಂದ ದುಡ್ಡು 562 ಪೌಂಡು. ದಕ್ಷಿಣ ಭಾರತದ ವ್ಯಾಪಾರದ ಲಾಭ ಅಷ್ಟು ದೂರದ ಪ್ಯೂರಿಟನ್ ಶಾಲೆಗೆ ಹೋಗಿ ಬಿದ್ದಿದೆ.

ಕ್ರೌರ್ಯದ ವಿಷಯಕ್ಕೆ ಬರುತ್ತೇನೆ. ಅದನ್ನು ಮುಚ್ಚಿಡುವ ಆಸೆ ನನಗಿಲ್ಲ. ಮನೆಯಲ್ಲಿ ಸಭೆ ಕರೆದು ಪಾದ್ರಿಗಳ ಬೋಧನೆಯನ್ನು ಪ್ರಶ್ನಿಸಿದ ಆ್ಯನ್ ಹಚಿನ್‌ಸನ್‌ಳ ವಿಚಾರಣೆ ನಡೆಸಿ ಗಡಿಪಾರು ಮಾಡಿದರು. ರೋಜರ್ ವಿಲಿಯಮ್ಸ್‌ನನ್ನು ಓಡಿಸಿದರು. ಪಾದ್ರಿಗಳ ಅಧಿಕಾರವನ್ನೇ ಒಪ್ಪದ ಕ್ವೇಕರ್ ಪಂಥದವಳು ಎಂಬ ಕಾರಣಕ್ಕೆ ಮೇರಿ ಡಯರ್‌ಳನ್ನು 1660ರಲ್ಲಿ ಬಾಸ್ಟನ್ನಿನಲ್ಲಿ ಗಲ್ಲಿಗೇರಿಸಿದರು. ತನ್ನ ಎದೆಯನ್ನು ತಾನೇ ಶೋಧಿಸಿಕೊಳ್ಳುವ ಅಭ್ಯಾಸ ಅಧಿಕಾರದ ಕೈಗೆ ಸಿಕ್ಕಾಗ ಬೇರೆಯವರ ಎದೆ ಬಗೆದು ನೋಡುವ ಕಸುಬಾಯಿತು. 1692ರಲ್ಲಿ ಮ್ಯಾಸಚೂಸೆಟ್ಸ್‌ನ ಸೇಲಂ ಊರಿನಲ್ಲಿ, ಮಾಟ ಮಾಡಿದರೆಂಬ ಆರೋಪದ ವಿಚಾರಣೆಗಳಲ್ಲಿ ನಡೆದದ್ದು ಇದೇ. ಇಂಥವಳ ರೂಪ ಬಂದು ನನ್ನನ್ನು ಚಿವುಟಿತು ಎಂದು ಯಾರೋ ಹೇಳಿದರೆ ನ್ಯಾಯಾಲಯ ಅದನ್ನು ಸಾಕ್ಷ್ಯ ಎಂದು ಒಪ್ಪಿತು. ಹತ್ತೊಂಬತ್ತು ಜನರನ್ನು ನೇಣಿಗೆ ಹಾಕಿದರು. ಬಾಯಿ ಬಿಡದ ಮುದುಕ ಜೈಲ್ಸ್ ಕೋರಿಯನ್ನು ಕಲ್ಲು ಹೇರಿ ಕೊಂದರು.

ಆ ನ್ಯಾಯಾಧೀಶರಲ್ಲಿ ಒಬ್ಬ ಸ್ಯಾಮ್ಯುಯೆಲ್ ಸೂವಾಲ್. ನನ್ನ ವಿದ್ಯಾರ್ಥಿಗಳು ಈ ಕಥೆ ಕೇಳಿ ಕೇಳಿ ಬೇಸತ್ತಿದ್ದಾರೆ, ಆದರೂ ಹೇಳಲೇಬೇಕು. ಸೂವಾಲ್ ಬಾಸ್ಟನ್ನಿನ ಸಿರಿವಂತ, ಐವತ್ತಕ್ಕೂ ಹೆಚ್ಚು ವರ್ಷ ದಿನಚರಿ ಬರೆದವನು. ಊಟದ ವಿಷಯ, ಹವೆಯ ವಿಷಯ, ಸಾವಿನ ವಿಷಯ ಎಲ್ಲವೂ ಅಲ್ಲಿವೆ. ಕ್ರಿಸ್‌ಮಸ್ ಆಚರಣೆ ಅವನಿಗೆ ಆಗದು. ಆ ದಿನವೂ ಅಂಗಡಿ ತೆರೆದಿವೆ, ಗಾಡಿಗಳು ಊರಿಗೆ ಬಂದಿವೆ ಎಂದು ಸಂತೋಷದಿಂದ ಬರೆದುಕೊಳ್ಳುತ್ತಾನೆ. 1696ರ ಜನವರಿಯಲ್ಲಿ ಅವನ ಮಗಳು ಬೆಟ್ಟಿ ಊಟವಾದ ಮೇಲೆ ಇದ್ದಕ್ಕಿದ್ದಂತೆ ಚೀರಿ ಅತ್ತಳು. ಏನಮ್ಮಾ ಅಂದರೆ, ನಾನು ನರಕಕ್ಕೆ ಹೋಗುತ್ತೇನೆ, ನನ್ನ ಪಾಪಗಳಿಗೆ ಕ್ಷಮೆ ಸಿಕ್ಕಿಲ್ಲ ಅಂದಳು. ಹದಿನಾಲ್ಕು ವರ್ಷದ ಹುಡುಗಿ. ನಾನು ಹೇಳುತ್ತಿರುವ ಅಳುಕು ಇದು. ಅದು ದೊಡ್ಡವರ ಗ್ರಂಥಗಳಿಂದ ಇಳಿದು ಊಟದ ಮನೆಗೆ ಬಂದಿತ್ತು.

ಅದೇ ವರ್ಷ ಡಿಸೆಂಬರ್ 23ರಂದು ಅವನ ಎರಡು ವರ್ಷದ ಕೂಸು ಸಾರಾ ತೀರಿಕೊಂಡಿತು. ಮಾರನೆಯ ದಿನ, ಕೂಸಿನ ಹೆಣ ಇನ್ನೂ ಮನೆಯಲ್ಲೇ ಇದೆ, ಮಗ ಸ್ಯಾಮ್ ತಂದೆಯ ಮುಂದೆ ಬೈಬಲಿನ ಮತ್ತಾಯನ ಸುವಾರ್ತೆಯ ಹನ್ನೆರಡನೆಯ ಅಧ್ಯಾಯದ ಒಂದು ಭಾಗವನ್ನು ಲ್ಯಾಟಿನ್‌ನಲ್ಲಿ ಒಪ್ಪಿಸುತ್ತಾನೆ. ಏಳನೆಯ ವಚನ ಬಂತು: ನನಗೆ ಬಲಿ ಬೇಡ, ಕರುಣೆ ಬೇಕು ಎಂಬುದರ ಅರ್ಥ ನಿಮಗೆ ತಿಳಿದಿದ್ದರೆ ನಿರಪರಾಧಿಗಳಿಗೆ ನೀವು ಶಿಕ್ಷೆ ವಿಧಿಸುತ್ತಿರಲಿಲ್ಲ. ಆ ವಚನ ಸೇಲಂನ ದುರಂತವನ್ನು ಭಯಂಕರವಾಗಿ ನೆನಪಿಗೆ ತಂದಿತು ಎಂದು ಸೂವಾಲ್ ಬರೆದ. ಮೂರು ವಾರ ಕಳೆಯಿತು. 1697ರ ಜನವರಿ 14, ಪ್ರಾಂತ್ಯವೆಲ್ಲ ಉಪವಾಸ ಮಾಡಬೇಕೆಂದು ಸರ್ಕಾರ ಗೊತ್ತುಮಾಡಿದ್ದ ದಿನ. ಸೌತ್ ಚರ್ಚಿನಲ್ಲಿ ಪಾದ್ರಿ ವಿಲರ್ಡ್ ತನ್ನ ಪಕ್ಕದಲ್ಲಿ ಹಾದುಹೋಗುವಾಗ ಸೂವಾಲ್ ಒಂದು ಚೀಟಿ ಕೊಟ್ಟ. ಪಾದ್ರಿ ಅದನ್ನು ಓದುತ್ತಿದ್ದಷ್ಟು ಹೊತ್ತೂ ಎದ್ದು ನಿಂತಿದ್ದ. ಸೇಲಂನ ವಿಷಯದಲ್ಲಿ ದೋಷವೂ ಅವಮಾನವೂ ತನ್ನ ಮೇಲಿರಲಿ ಎಂಬುದು ಆ ಚೀಟಿಯ ಮಾತು. ಓದು ಮುಗಿದ ಮೇಲೆ ತಲೆಬಾಗಿ ಕೂತ.

ಅಧಿಕಾರದಲ್ಲಿದ್ದ ನ್ಯಾಯಾಧೀಶನೊಬ್ಬ ತನ್ನ ಊರಿನ ಜನರೆದುರೇ ಹಾಗೆ ನಿಂತ. ಮುಖ್ಯ ನ್ಯಾಯಾಧೀಶ ಸ್ಟೌಟನ್ ಕೊನೆಯವರೆಗೂ ಕ್ಷಮೆ ಕೇಳಲಿಲ್ಲ, ಅವನೂ ಅದೇ ಧರ್ಮದವನು. ಸೂವಾಲ್ ಮುಂದೆ 1700ರಲ್ಲಿ ಗುಲಾಮಗಿರಿಯನ್ನು ವಿರೋಧಿಸಿ ಒಂದು ಕಿರುಹೊತ್ತಗೆಯನ್ನೂ ಅಚ್ಚು ಹಾಕಿಸಿದ. ಸೇಲಂ ಕಲಿಸುವ ನಾವು ನೇಣಿನ ಕಥೆ ಹೇಳಿ ನಿಲ್ಲಿಸುತ್ತೇವೆ, ಈ ಚೀಟಿಯ ಕಥೆ ಹೇಳುವುದಿಲ್ಲ. ಅದು ಅನ್ಯಾಯ ಎಂದೇ ನನ್ನ ವಾದ.

ಇನ್ನು ಆ್ಯನ್ ಬ್ರ್ಯಾಡ್‌ಸ್ಟ್ರೀಟ್. ವಿನ್‌ತ್ರಾಪ್‌ನ ಹಡಗಿನಲ್ಲೇ ಬಂದ ಹುಡುಗಿ, ಎಂಟು ಮಕ್ಕಳ ತಾಯಿ. 1650ರಲ್ಲಿ ಅವಳ ಪದ್ಯಗಳು ಲಂಡನ್ನಿನಲ್ಲಿ ಅಚ್ಚಾದವು. 1666ರ ಜುಲೈಯಲ್ಲಿ ಅವಳ ಮನೆ ಸುಟ್ಟುಹೋಯಿತು. ಆ ಬಗೆಗಿನ ಪದ್ಯದಲ್ಲಿ ಮೊದಲು, ಕೊಟ್ಟವನೇ ತೆಗೆದುಕೊಂಡ ಎಂದು ಶಾಸ್ತ್ರಬದ್ಧವಾಗಿ ಹೇಳುತ್ತಾಳೆ. ಆಮೇಲೆ ಬೂದಿಯ ಪಕ್ಕ ನಡೆದುಹೋಗುವಾಗ ಕಣ್ಣು ತಾನಾಗಿ ಅತ್ತ ತಿರುಗುತ್ತದೆ. ಆ ಟ್ರಂಕು ಇಲ್ಲಿತ್ತು, ಪೆಟ್ಟಿಗೆ ಅಲ್ಲಿತ್ತು, ಇನ್ನು ಈ ಸೂರಿನಡಿ ಅತಿಥಿ ಕೂರುವುದಿಲ್ಲ, ದೀಪ ಉರಿಯುವುದಿಲ್ಲ. ಎಲ್ಲವೂ ವ್ಯರ್ಥ ಎಂದು ಮನಸ್ಸಿಗೆ ಬುದ್ಧಿ ಹೇಳಿಕೊಳ್ಳುವ ಮೊದಲು ಒಂದೊಂದು ಸಾಮಾನನ್ನೂ ಎಣಿಸಿ ಅಳುತ್ತಾಳೆ. ಕವಿತೆ ಇರುವುದು ಆ ಎಣಿಕೆಯಲ್ಲಿ. ಮಕ್ಕಳಿಗೆ ಬರೆದ ಪತ್ರದಲ್ಲಂತೂ, ದೇವರಿದ್ದಾನೆಂದು ತಿಳಿಯುವುದು ಹೇಗೆ ಎಂಬ ಸಂಶಯ ತನ್ನನ್ನು ಎಷ್ಟೋ ಸಲ ಕಾಡಿದೆ ಎಂದು ಒಪ್ಪಿಕೊಳ್ಳುತ್ತಾಳೆ. ತಾಯಿ ಮಕ್ಕಳಿಗೆ ಬಿಟ್ಟುಹೋಗುವ ಮಾತು ಇದು! ಮತ್ತೆ ಅದೇ ಅಳುಕು.

ಸಂಘಟಕರು ಗಡಿಯಾರ ತೋರಿಸುತ್ತಿದ್ದಾರೆ. ಎಡ್ವರ್ಡ್ ಟೇಲರ್ ಬಗ್ಗೆ ಇಷ್ಟೇ ಹೇಳುತ್ತೇನೆ: ವೆಸ್ಟ್‌ಫೀಲ್ಡ್ ಊರಿನ ಈ ಪಾದ್ರಿ ಹತ್ತಾರು ವರ್ಷ ಬರೆದ ಪದ್ಯಗಳ ಹಸ್ತಪ್ರತಿ ಬೆಳಕಿಗೆ ಬಂದದ್ದು 1937ರಲ್ಲಿ, ಅದೂ ಯೇಲ್ ಗ್ರಂಥಾಲಯದಲ್ಲಿ. ಕಾದಂಬರಿಕಾರ ನಥಾನಿಯಲ್ ಹಾಥಾರ್ನ್ ನಿಮಗೆ ಗೊತ್ತೇ ಇದ್ದಾನೆ. ಸೇಲಂನ ನ್ಯಾಯಾಧೀಶ ಜಾನ್ ಹಾಥಾರ್ನ್ ಅವನ ಪೂರ್ವಜ. ಆ ಪೂರ್ವಜರ ಪರವಾಗಿ ಅವಮಾನವನ್ನು ತಾನು ಹೊರುತ್ತೇನೆ ಎಂದು 1850ರ 'ದ ಸ್ಕಾರ್ಲೆಟ್ ಲೆಟರ್' ಕಾದಂಬರಿಯ ಮೊದಲಲ್ಲಿ ಬರೆಯುತ್ತಾನೆ. ಸೂವಾಲ್‌ನ ಚೀಟಿಯ ಪಕ್ಕದಲ್ಲಿಟ್ಟು ಆ ಸಾಲನ್ನು ಓದಿ.

ಕೊನೆಗೆ ಹತ್ತೊಂಬತ್ತನೆಯ ಶತಮಾನದ ಕವಯಿತ್ರಿ ಎಮಿಲಿ ಡಿಕಿನ್‌ಸನ್. ಮೌಂಟ್ ಹೋಲಿಯೋಕ್ ಶಾಲೆಯಲ್ಲಿ ಹುಡುಗಿಯರನ್ನು ಮೂರು ಗುಂಪು ಮಾಡಿದ್ದರು: ವಿಶ್ವಾಸ ಗಟ್ಟಿಯಾದವರು, ಮುಕ್ತಿಯ ಭರವಸೆ ಇರುವವರು, ಭರವಸೆ ಇಲ್ಲದವರು. ಡಿಕಿನ್‌ಸನ್ ಮೂರನೆಯ ಗುಂಪಿನಲ್ಲಿದ್ದಳು. ಕೊನೆಯವರೆಗೂ ಚರ್ಚಿನ ಸದಸ್ಯೆಯಾಗಲಿಲ್ಲ. ಆದರೆ ಬರೆದ ಸುಮಾರು 1,800 ಪದ್ಯಗಳಲ್ಲಿ ಹೆಚ್ಚಿನವು ಅದೇ ಚರ್ಚಿನ ಭಜನೆಯ ಮಟ್ಟಿನಲ್ಲಿವೆ. ಹದಿನೆಂಟನೆಯ ಶತಮಾನದ ಪಾದ್ರಿ ಜೊನಾಥನ್ ಎಡ್ವರ್ಡ್ಸ್ ಬಗ್ಗೆ ಮಾತಾಡಲು ಆಗಲೇ ಇಲ್ಲ. ಯಾರಾದರೂ ಕೇಳಿದರೆ ಪ್ರಶ್ನೋತ್ತರದಲ್ಲಿ ಹೇಳುತ್ತೇನೆ.