ಒಂದು ಕಥೆ, ಹತ್ತು ಕಾಗುಣಿತ

ಕೇಳುಗರಿಗೆ ನಮಸ್ಕಾರ.

ಹೊರಗೆ ಜಡಿಮಳೆ, ಕರೆಂಟಿಲ್ಲ, ಮೊಬೈಲಿನಲ್ಲಿ ಅರ್ಧ ಚಾರ್ಜಿದೆ. ಕಥೆಗಾರ್ತಿ ಕೊಡಗಿನ ಗೌರಮ್ಮನವರು ಬರೆದ ಕಥೆ ಓದೋಣವೆಂದು ಕನ್ನಡದಲ್ಲಿ ಹೆಸರು ಟೈಪ್ ಮಾಡಿದಿರಿ. ಅವರ ಬದುಕಿನ ಬಗ್ಗೆ ಬರೆದದ್ದೆಲ್ಲ ಬಂತು, ಕಥೆ ಮಾತ್ರ ಬರಲಿಲ್ಲ ಅಂದುಕೊಳ್ಳಿ. ಕಥೆ ಇಲ್ಲವೆಂದು ಕೈಬಿಡಬೇಡಿ.

ಹಳೆಯ ಪುಸ್ತಕಗಳು ಹೆಚ್ಚಾಗಿ ಸ್ಕ್ಯಾನ್ ಮಾಡಿದ ಚಿತ್ರಗಳಾಗಿವೆ. ಚಿತ್ರದೊಳಗಿನ ಅಕ್ಷರ ಎಷ್ಟೋ ಸಲ ಹುಡುಕಾಟಕ್ಕೆ ಸಿಗುವುದಿಲ್ಲ, ಪುಸ್ತಕದ ಹೆಸರಷ್ಟೇ ಸಿಗುತ್ತದೆ. ಹಳೆಯ ಪುಸ್ತಕಗಳನ್ನು ಕೂಡಿಟ್ಟಿರುವ ಜಾಲತಾಣ ಇಂಟರ್ನೆಟ್ ಆರ್ಕೈವ್‌ನಲ್ಲಿ ಆ ಹೆಸರನ್ನೂ ಎಷ್ಟೋ ಕಡೆ ಇಂಗ್ಲಿಷ್ ಅಕ್ಷರದಲ್ಲಿ, ಒಬ್ಬೊಬ್ಬರು ಒಂದೊಂದು ಥರ ಬರೆದಿದ್ದಾರೆ. ಹಾಗಾಗಿ ಗೌರಮ್ಮ ಎನ್ನುವುದಕ್ಕೆ ಜಿ ಆದಮೇಲೆ ಎ-ಯು ಹಾಕಿ ನೋಡಿ, ಒ-ಯು ಹಾಕಿ ನೋಡಿ, ಒ-ಡಬ್ಲ್ಯು ಹಾಕಿ ನೋಡಿ. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ ಯೂನಿಕೋಡ್‌ಗೆ ಮುಂಚಿನ ಫಾಂಟಿನಲ್ಲಿರುವ ಕಡತಗಳದ್ದು ಬೇರೆಯೇ ಕಷ್ಟ: ಕಣ್ಣಿಗೆ ಕನ್ನಡ, ಕಾಪಿ ಮಾಡಿದರೆ ಕಲಸುಮೇಲೋಗರ.

ಗೌರಮ್ಮನವರು ತೀರಿಕೊಂಡದ್ದು 1939ರಲ್ಲಿ. ನಮ್ಮಲ್ಲಿ ಹಕ್ಕುಸ್ವಾಮ್ಯ ಸಾಮಾನ್ಯವಾಗಿ ಲೇಖಕರ ನಂತರ 60 ವರ್ಷ. ಆ ಅವಧಿ ಮುಗಿದು ಎರಡು ದಶಕ ದಾಟಿತು. ಕಥೆಗಳನ್ನು ಓದಿ, ರೆಕಾರ್ಡ್ ಮಾಡಿ ಹಂಚಬಹುದು. ಹೊಸ ಮುದ್ರಣದ ಮುನ್ನುಡಿ, ಮುಖಪುಟಕ್ಕೆ ಮಾತ್ರ ಕೈ ಹಾಕಬೇಡಿ.

ಎಲ್ಲ ಕಥೆಯೂ ಪುಟದಲ್ಲಿ ಬದುಕುವುದಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪಟ್ಟೋಲೆ ಪಳಮೆ ಎಂಬ ಜಾನಪದ ಹಾಡುಗಳ ಸಂಗ್ರಹ ಅಚ್ಚು ಹಾಕಿಸಿದ್ದರಿಂದ ಕೊಡವ ಹಾಡುಗಳ ಸಾಲುಗಳು ಉಳಿದವು, ನಿಜ. ಆದರೆ ನಾಲ್ವರು ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು, ಇಬ್ಬಿಬ್ಬರಾಗಿ ಹಾಡುವ ಆ ನಡೆ ಪುಟದಲ್ಲಿಲ್ಲ. ಮೊದಲು ಯೂಟ್ಯೂಬ್‌ನಲ್ಲಿ ದುಡಿಕೊಟ್ಟ್ ಪಾಟ್, ಅಂದರೆ ದುಡಿ ಬಡಿಯುತ್ತ ಹಾಡುವ ಆ ಹಾಡು, ಕೇಳಿ, ಆಮೇಲೆ ಪುಸ್ತಕ ತೆಗೆಯಿರಿ. ತಿರುಗುಮುರುಗಾದರೆ ಬೇಸರ ಬಂದೀತು.

ಇನ್ನು ಮನೆಯ ಅಜ್ಜಿ ಹೇಳುವ ಕಥೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡುವ ವಿಚಾರ. ಮನೆಗೆ ಶೀಟಿನ ಛಾವಣಿ ಇದ್ದರೆ ಮಳೆ ನಿಂತಾಗ ಕೂರಿ, ಮಳೆಯ ಸದ್ದನ್ನು ಆಮೇಲೆ ತೆಗೆಯಲಾಗದು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ರಾಜಕುಮಾರಿ ಕಾಡು ಸೇರುವ ಹೊತ್ತಿಗೇ ಕಾಲ್ ಬರುತ್ತದೆ. ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಇಡಿ. ನೇರ ಹಿಡಿದರೆ ಪಕಾರ, ಬಕಾರಕ್ಕೆಲ್ಲ ಉಸಿರು ಬಡಿಯುತ್ತದೆ. ಒಂದು ನಿಮಿಷ ರೆಕಾರ್ಡ್ ಮಾಡಿ ಕೇಳಿ ನೋಡಿ, ಆಮೇಲೆ ಮುಂದುವರಿಸಿ. ದನಿಯನ್ನು ಹಿಂಡದ ವೇವ್ (WAV) ಫೈಲಾದರೆ, ಮೊನೊದಲ್ಲಿ, ನಿಮಿಷಕ್ಕೆ ಸುಮಾರು 5 ಎಂಬಿ ಬೇಕು. ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ವಾಯ್ಸ್ ಮೆಸೇಜಾದರೆ ದನಿಯನ್ನು ಹಿಂಡಿಬಿಡುತ್ತದೆ.

ಫೈಲಿಗೆ ಕಥೆಯ ಹೆಸರು, ಊರು, ತಾರೀಖು ಹಾಕಿ, ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ. ‘ರೆಕಾರ್ಡಿಂಗ್ 14’ ಎಂದು ಬಿಟ್ಟರೆ ಮುಂದಿನ ವರ್ಷ ನಿಮಗೇ ಸಿಗುವುದಿಲ್ಲ.