ಅದು ಖಾಲಿ ಜಾಗ ಅಲ್ಲ

ಕೇಳುಗರಿಗೆಲ್ಲ ನಮಸ್ಕಾರ.

ನಾನು ಇರುವುದು ಮುಂಬಯಿಯ ಮುಲುಂಡ್ ಪೂರ್ವದಲ್ಲಿ, ಮೂರನೇ ಮಹಡಿಯ ಮನೆ. ಸುಮಾರು ಮೂವತ್ತು ವರ್ಷದ ಹಿಂದೆ ಮನೆ ನೋಡಲು ಬಂದಾಗ ದಲ್ಲಾಳಿ ಅಡುಗೆಮನೆಯ ಕಿಟಕಿ ತೆಗೆದು ತೋರಿಸಿದ್ದರು. "ನೋಡಿ ಟೀಚರ್, ಎದುರಿಗೆ ಪೂರಾ ಖಾಲಿ ಜಾಗ. ಗಾಳಿಗೇನೂ ಕೊರತೆ ಇಲ್ಲ" ಅಂದಿದ್ದರು. ಎದುರಿಗೆ ಉಪ್ಪಿನ ಗದ್ದೆಗಳು. ಅದರಾಚೆ ಒಂದು ಹಸಿರು ಗೆರೆ. ಅದರಾಚೆ ಠಾಣೆ ಖಾಡಿಯ ನೀರು. ಖಾಡಿ ಅಂದರೆ ಸಮುದ್ರ ನೆಲದೊಳಗೆ ಚಾಚಿಕೊಂಡ ಜಾಗ. ಗಾಳಿಯ ವಿಷಯದಲ್ಲಿ ಅವರು ಹೇಳಿದ್ದು ಸರಿಯಾಗಿತ್ತು. ಖಾಲಿ ಅಂದದ್ದು ತಪ್ಪು ಅಂತ ನನಗೆ ಗೊತ್ತಾಗಲು ತುಂಬಾ ವರ್ಷ ಬೇಕಾಯಿತು.

ಅದೇ ಮಾತನ್ನು ಮೊನ್ನೆ ಮತ್ತೆ ಕೇಳಿದೆ. ಈ ಸಲ ಹೇಳಿದ್ದು ನನ್ನ ತಮ್ಮ. ಕುಂದಾಪುರದ ಹತ್ತಿರ ನಮ್ಮ ಮೂಲಮನೆ. ಮನೆಯ ಹಿಂದೆ ಕುಟುಂಬದ ನಾಗಬನ, ಅಂದರೆ ನಾಗನಿಗೆ ಅಂತ ಬಿಟ್ಟ ಮರಗಳ ತೋಪು, ಇದೆ. ಫೋನ್ ಮಾಡಿ, "ಅಕ್ಕ, ಬನ ಪೂರ್ತಿ ಕಾಡ್ ಆಯ್ತ್. ಜಾಗ ಸುಮ್ನೆ ಖಾಲಿ ಬಿದ್ದಿದೆ. ಕ್ಲೀನ್ ಮಾಡ್ಸಿ ಸಿಮೆಂಟ್ ಹಾಕ್ಸುವ ಅಂದೇಳಿ ಎಲ್ಲರೂ ಹೇಳ್ತಿದ್ರ್" ಅಂದ. ಮುಂಬಯಿಯಲ್ಲಿರುವ ನಾವೆಲ್ಲ ಒಂದಿಷ್ಟು ದುಡ್ಡು ಹಾಕಬೇಕಂತೆ. ಒಂದು ವಾರ ಸಮಯ ಕೊಡು ಅಂತ ಕೇಳಿಕೊಂಡೆ. ಆ ವಾರದಲ್ಲಿ ನನ್ನ ತಲೆಯಲ್ಲಿ ಓಡಿದ್ದನ್ನೇ ಇವತ್ತು ನಿಮ್ಮ ಮುಂದೆ ಹೇಳುತ್ತೇನೆ.

ಮೊದಲು ನನ್ನ ಕಿಟಕಿಯಾಚೆಗಿನ ಹಸಿರು ಗೆರೆ. ಅದು ಕಾಂಡ್ಲಾ ಕಾಡು, ಅಂದರೆ ಮ್ಯಾಂಗ್ರೋವ್. ಇಲ್ಲಿನ ಕೋಳಿ ಸಮುದಾಯದ ಮೀನುಗಾರರು ತಿವರ ಅನ್ನುತ್ತಾರೆ. ನಾನು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಪಾಠ ಮಾಡುತ್ತಿದ್ದವಳು. ನಿವೃತ್ತಿಯ ಹಿಂದಿನ ವರ್ಷ ಐದನೇ ಕ್ಲಾಸಿನ ಮಕ್ಕಳನ್ನು ಐರೋಲಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಖಾಡಿಯ ಅಂಚಿನಲ್ಲಿ ಅರಣ್ಯ ಇಲಾಖೆಯವರ ಕೇಂದ್ರ ಇದೆ. ಒಬ್ಬ ಹುಡುಗ ಕಾಂಡ್ಲಾದ ಎಲೆ ಮುಟ್ಟಿದ ಬೆರಳನ್ನು ಬಾಯಿಗಿಟ್ಟುಕೊಂಡು, "ಟೀಚರ್, ಉಪ್ಪು!" ಅಂತ ಕೂಗಿದ. ಬಾಗಿ ನೋಡಿದರೆ ಎಲೆಯ ಮೇಲೆಲ್ಲ ಸಣ್ಣ ಸಣ್ಣ ಬಿಳಿ ಹರಳು. ಉಪ್ಪುನೀರಲ್ಲಿ ನಿಂತ ಗಿಡ ನೀರು ಕುಡಿಯುತ್ತದೆ, ಹೆಚ್ಚಾದ ಉಪ್ಪನ್ನು ಎಲೆಯಿಂದ ಹೊರಗೆ ಹಾಕುತ್ತದೆ. ಬುಡದಲ್ಲಿ ನೋಡಿದರೆ ಕೆಸರಿಂದ ಮೇಲೆ ಎದ್ದ ನೂರಾರು ಬೇರು, ಪೆನ್ಸಿಲ್ ನೆಟ್ಟ ಹಾಗೆ. ಆ ಕೆಸರಿನೊಳಗೆ ಗಾಳಿ ಆಡುವುದಿಲ್ಲ. ಹಾಗಾಗಿ ಬೇರುಗಳೇ ತಲೆ ಎತ್ತಿ ಉಸಿರಾಡುತ್ತವೆ.

ಆ ಬೇರುಗಳ ನಡುವೆ ಏಡಿಗಳು. ಗಂಡು ಏಡಿಗೆ ಇಕ್ಕಳದಂಥ ಒಂದು ಕೊಂಬು ಅದರ ಮೈಗಿಂತ ದೊಡ್ಡದು ಅನ್ನಿಸುವಷ್ಟು. ಒಂದೊಂದೂ ತನ್ನ ಬಿಲ ತೋಡಿ, ಮಣ್ಣನ್ನು ಸಣ್ಣ ಉಂಡೆ ಮಾಡಿ ಹೊರಗಿಡುತ್ತಿತ್ತು. ಆ ಬಿಲಗಳಿಂದಲೇ ಕೆಸರಿನೊಳಗೆ ನೀರು, ಗಾಳಿ ಹೋಗುತ್ತದೆ. ಬಿದ್ದ ಎಲೆಯನ್ನು ಕೆಲವು ಏಡಿಗಳು ಹರಿದು ತಿನ್ನುತ್ತವೆ. ಉಳಿದ ಚೂರು ಕೊಳೆಯುತ್ತದೆ. ಅದನ್ನು ತಿಂದು ಸಿಗಡಿಯ ಮರಿಗಳು ಬೆಳೆಯುತ್ತವೆ. ಸಿಗಡಿ ಅಂದರೆ ನಮ್ಮ ಕುಂದಾಪುರದ ಚಟ್ಲಿ. ಸಮುದ್ರದಲ್ಲಿ ಬಲೆಗೆ ಬೀಳುವ ಎಷ್ಟೋ ಮೀನು, ಚಟ್ಲಿಗಳ ಬಾಲ್ಯ ಇಂಥ ಕಾಂಡ್ಲಾ ಬುಡದಲ್ಲೇ ಕಳೆದಿರುತ್ತದೆ. ದೊಡ್ಡ ಮೀನು ಆ ಬೇರುಗಳ ನಡುವೆ ನುಗ್ಗಲು ಆಗುವುದಿಲ್ಲ, ಅದಕ್ಕೆ. ಭಾನುವಾರ ಮಾರ್ಕೆಟ್ಟಲ್ಲಿ ಚಟ್ಲಿಗೆ ಚೌಕಾಸಿ ಮಾಡುವಾಗ ನನಗೆ ಈ ಏಡಿಗಳ ನೆನಪಾಗುತ್ತದೆ.

ಚಳಿಗಾಲದಲ್ಲಿ ಇದೇ ಖಾಡಿಗೆ ರಾಜಹಂಸಗಳು, ಅಂದರೆ ಫ್ಲೆಮಿಂಗೊಗಳು, ಬರುತ್ತವೆ. ಕೊಕ್ಕನ್ನು ತಲೆಕೆಳಗು ಮಾಡಿ ಕೆಸರುನೀರಲ್ಲಿ ಅದ್ದಿ, ಪಾಚಿಯನ್ನು ಸೋಸಿ ತಿನ್ನುತ್ತವೆ. ಆ ಪಾಚಿಯಿಂದಲೇ ಅವುಗಳ ಗುಲಾಬಿ ಬಣ್ಣ. 2015ರಲ್ಲಿ ಖಾಡಿಯನ್ನು ರಾಜಹಂಸಗಳ ಅಭಯಾರಣ್ಯ ಅಂತ ಘೋಷಿಸಿದರು. 2022ರಲ್ಲಿ ಅದು ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರಿತು. ನಮ್ಮ ದಲ್ಲಾಳಿ ಖಾಲಿ ಅಂದ ಜಾಗವನ್ನು ಈಗ ಜಗತ್ತೇ ನೋಡುತ್ತಿದೆ!

ಆದರೆ ಕಾಂಡ್ಲಾದ ಬೆಲೆ ನನಗೆ ಮೊದಲು ಅರ್ಥವಾದದ್ದು ರಾಜಹಂಸದಿಂದ ಅಲ್ಲ. 2005ರ ಜುಲೈ 26. ನಿಮ್ಮಲ್ಲಿ ತುಂಬಾ ಜನಕ್ಕೆ ಆ ದಿನ ನೆನಪಿರುತ್ತದೆ, ಅಲ್ವಾ? ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ನಮ್ಮ ಶಾಲೆ ಆಗ ಕುರ್ಲಾದ ಕಡೆ ಇತ್ತು. ಮಧ್ಯಾಹ್ನ ಮೂರಕ್ಕೆ ಶಾಲೆಯ ಅಂಗಳ ಕಾಣಲಿಲ್ಲ. ನಲವತ್ತು ಮಕ್ಕಳನ್ನು ಇಟ್ಟುಕೊಂಡು ಇಡೀ ರಾತ್ರಿ ಮೇಲಿನ ಮಹಡಿಯಲ್ಲಿ ಕೂತಿದ್ದೆವು. ಪಕ್ಕದ ಉಡುಪಿ ಹೋಟೆಲಿನ ಹುಡುಗರು ಎದೆಮಟ್ಟದ ನೀರಲ್ಲಿ ಅವಲಕ್ಕಿಯ ಡಬ್ಬಿ ತಲೆ ಮೇಲೆ ಹೊತ್ತು ತಂದರು. ಅವರ ಉಪಕಾರ ನಾನು ಸಾಯುವವರೆಗೆ ಮರೆಯುವುದಿಲ್ಲ.

ಅಷ್ಟು ಮಳೆಗೆ ಯಾವ ಊರಾದರೂ ಮುಳುಗುತ್ತದೆ, ನಿಜ. ಆದರೆ ಮಿಠಿ ನದಿಗೆ ಹರಡಿಕೊಳ್ಳಲು ಜಾಗವೇ ಉಳಿದಿರಲಿಲ್ಲ. ದಂಡೆಯ ಕಾಂಡ್ಲಾ ಕಡಿದು, ಜೌಗು ತುಂಬಿಸಿ, ಅದರ ಮೇಲೆ ಕಟ್ಟಿದ್ದೆವು. ಉಬ್ಬರದ ಹೊತ್ತಿಗೆ ಸಮುದ್ರ ಒಳಗೆ ತಳ್ಳುತ್ತದೆ, ಮಳೆನೀರು ಹೊರಗೆ ತಳ್ಳುತ್ತದೆ. ನಡುವೆ ಸ್ಪಂಜಿನ ಹಾಗೆ ಹೀರಿಕೊಂಡು, ನೀರಿನ ರಭಸ ಕಮ್ಮಿ ಮಾಡಬೇಕಾದ ಜೌಗು ಇರಲೇ ಇಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟು ಕಾಂಡ್ಲಾ ಕಡಿಯಬಾರದು ಅಂತ ಆದೇಶ ಮಾಡಿತು.

ಮುಲುಂಡ್ ಒಂದು ಚೆಂದದ ಊರು. ಪೂರ್ವಕ್ಕೆ ಖಾಡಿ, ಪಶ್ಚಿಮಕ್ಕೆ ಗುಡ್ಡ. ಗುಡ್ಡದ ಮೇಲೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ, ಸುಮಾರು 104 ಚದರ ಕಿಲೋಮೀಟರ್ ಕಾಡು. ಇಷ್ಟು ದೊಡ್ಡ ನಗರದ ಮಡಿಲಲ್ಲಿ! 1860ರ ವಿಹಾರ್ ಕೆರೆ, 1879ರ ತುಳಸಿ ಕೆರೆ ಎರಡಕ್ಕೂ ಈ ಗುಡ್ಡಗಳ ಮಳೆಯೇ ಆಧಾರ. ಕಾಡಿನಲ್ಲಿ ಮಳೆ ನೇರ ನೆಲಕ್ಕೆ ಹೊಡೆಯುವುದಿಲ್ಲ. ಎಲೆಯ ಮೇಲೆ ಬಿದ್ದು, ಕೊಂಬೆಯಿಂದ ಇಳಿದು, ತರಗೆಲೆಯ ಹಾಸಿಗೆಗೆ ಬರುತ್ತದೆ. ಆ ಹಾಸಿಗೆಯನ್ನು ಗೆದ್ದಲು, ಎರೆಹುಳ ತೂತು ಮಾಡಿಟ್ಟಿರುತ್ತವೆ. ನೀರು ಇಂಗುತ್ತದೆ. ಮಣ್ಣು ಗುಡ್ಡದಲ್ಲೇ ಉಳಿಯುತ್ತದೆ.

ಅಲ್ಲಿ ಕಾರ್ವಿ ಅಂತ ಒಂದು ಪೊದೆಗಿಡ ಇದೆ. ನಮ್ಮ ಬಾಬಾಬುಡನ್‌ಗಿರಿಯ ಕಡೆ ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಡುವ ನೀಲಕುರಿಂಜಿಯ ದಾಯಾದಿ. ಕಾರ್ವಿಗೆ ಎಂಟು ವರ್ಷ. ಇಲ್ಲಿ 2016ರಲ್ಲಿ ಬಿಟ್ಟಿತ್ತು, ಮತ್ತೆ 2024ರಲ್ಲಿ. ಏಳು ವರ್ಷ ಸುಮ್ನೆ ನಿಂತು ಬೇರಲ್ಲಿ ಇಳಿಜಾರಿನ ಮಣ್ಣು ಹಿಡಿದಿಟ್ಟು, ಎಂಟನೇ ವರ್ಷ ಗುಡ್ಡಕ್ಕೆ ಗುಡ್ಡವೇ ನೇರಳೆ. ಜೇನ್ನೊಣಗಳಿಗೆ ಹಬ್ಬ. ಆಮೇಲೆ ಗಿಡ ಸಾಯುತ್ತದೆ. ಒಣಗಿದ ಕಾಯಿ ಮಾತ್ರ ಗಿಡದಲ್ಲೇ ಇರುತ್ತದೆ, ಮುಂದಿನ ಮಳೆಗಾಲದವರೆಗೆ. ಮೊದಲ ಮಳೆಹನಿ ತಾಗಿದಾಗ ಆ ಕಾಯಿ ಪಟ್ ಅಂತ ಸಿಡಿದು ಬೀಜ ಹಾರುತ್ತದೆ. 2025ರ ಮಳೆಗಾಲದ ಶುರುವಿನಲ್ಲಿ ನಾನು ಆ ಸದ್ದು ಕೇಳಿದೆ. ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ, ಸುತ್ತಲೂ ಪಟ ಪಟ. ನೆಲ ಮೆತ್ತಗಾಗಿ ಬೀಜ ಊರಲು ತಯಾರಾದ ದಿನವೇ ಅದು ಸಿಡಿಯಬೇಕು! ನಾನು ಅಲ್ಲೇ ಕೊಡೆ ಹಿಡಿದುಕೊಂಡು ತುಂಬಾ ಹೊತ್ತು ನಿಂತಿದ್ದೆ.

ಆ ಕಾಡಿನ ಚಿರತೆಗಳ ಬಗ್ಗೆ ಒಂದೆರಡು ಮಾತು. ಹೆದರಿಕೆ ಸಹಜ. ಚಿರತೆಯಿಂದ ಜೀವ ಹೋದ ಮನೆಗಳ ದುಃಖ ಸಣ್ಣದಲ್ಲ. ಆದರೆ ಅವುಗಳನ್ನು ಹಿಡಿದು ಇನ್ನೆಲ್ಲೋ ಬಿಟ್ಟರೆ ಕಷ್ಟ ಜಾಸ್ತಿಯಾಗುತ್ತದೆ ಅಂತ ಪುಣೆ ಜಿಲ್ಲೆಯ ಜುನ್ನರ್‌ನಲ್ಲಿ ನಡೆದ ಅಧ್ಯಯನದಿಂದ ತಿಳಿದಿದೆ. ನಮ್ಮ ಕಾಡಿನ ಸುತ್ತಿನ ಚಿರತೆಗಳು ವರ್ಷಕ್ಕೆ ಸುಮಾರು 1500 ಬೀದಿನಾಯಿ ತಿನ್ನುತ್ತವೆ, ಅದರಿಂದ ನಾಯಿಕಡಿತ ಕಮ್ಮಿಯಾಗುತ್ತದೆ ಅಂತ 2018ರಲ್ಲಿ ಒಂದು ಅಂದಾಜು ಪ್ರಕಟವಾಯಿತು. ಅಲ್ಲಿನ ವಾರ್ಲಿ ಆದಿವಾಸಿಗಳು ಚಿರತೆಗೆ ವಾಘೋಬಾ ದೇವರು ಅಂತ ಕೈಮುಗಿಯುತ್ತಾರೆ. ತುಳುನಾಡಿನವರಿಗೆ ಇದು ಹೊಸದಲ್ಲ. ಅವರಿಗೆ ಹುಲಿಯ ದೈವ ಪಿಲಿಚಾಮುಂಡಿ ಇದ್ದಾಳೆ.

ಕಾಡಿನ ಜೀವಿಗಳು ಮಾಡುವ ಕೆಲಸ ನಮಗೆ ಕಾಣುವುದು ಅದು ನಿಂತ ಮೇಲೆ. ರಣಹದ್ದುಗಳ ಕತೆ ಹಾಗೇ ಆಯಿತು. ನಾನು ಮುಂಬಯಿಗೆ ಬಂದ ಹೊಸತರಲ್ಲಿ ಮಲಬಾರ್ ಹಿಲ್ಲಿನ ಮೇಲೆ ರಣಹದ್ದುಗಳು ಸುತ್ತುವುದನ್ನು ನೋಡಿದ್ದೆ. ಅಲ್ಲಿ ಪಾರ್ಸಿಗಳ ದಖ್ಮಾ ಇದೆ. ತೀರಿಕೊಂಡವರ ದೇಹವನ್ನು ಹಕ್ಕಿಗಳಿಗೆ ಒಪ್ಪಿಸುವುದು ಅವರ ಹಳೆಯ ಪದ್ಧತಿ. ನೋಡನೋಡುತ್ತ ಆಕಾಶ ಬರಿದಾಯಿತು. ಬಿಳಿಬೆನ್ನಿನ ರಣಹದ್ದು 1992ರಲ್ಲಿ ಸಾವಿರ ಇದ್ದಲ್ಲಿ 2007ರ ಹೊತ್ತಿಗೆ ಒಂದು ಉಳಿದಿತ್ತು. ದೇಶದ ಲೆಕ್ಕ ಅದು. ಕಾರಣ, ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧಿ. ಆ ಔಷಧಿ ಮೈಯಲ್ಲಿರುವಾಗ ದನ ಸತ್ತರೆ, ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು ಅದೂ ಸಾಯುತ್ತದೆ. 2004ರಲ್ಲಿ ಇದು ಗೊತ್ತಾಯಿತು, 2006ರಲ್ಲಿ ಜಾನುವಾರುಗಳಿಗೆ ಆ ಔಷಧಿಯನ್ನು ನಮ್ಮ ದೇಶದಲ್ಲಿ ನಿಷೇಧಿಸಿದರು. ಅಷ್ಟರಲ್ಲಿ ಹಳ್ಳಿಹಳ್ಳಿಯ ಹೊರಗೆ ಸತ್ತ ದನಗಳು ಕೊಳೆಯತೊಡಗಿದ್ದವು, ಅವುಗಳಿಗೆ ನಾಯಿಗಳು ಮುತ್ತಿದ್ದವು. ದಖ್ಮಾದಲ್ಲಿ ಸೂರ್ಯನ ಬಿಸಿಲು ತಿರುಗಿಸುವ ಕನ್ನಡಿಗಳನ್ನು ಇಡಬೇಕಾಯಿತು. ರಣಹದ್ದಿನ ಗುಂಪು ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದ ಕೆಲಸ ಅದು. ಸಂಬಳ ಕೇಳದೆ ಮಾಡುತ್ತಿದ್ದ ಕೆಲಸ. ಕರ್ನಾಟಕದಲ್ಲಿ ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳಿಗೆ ಅಭಯಾರಣ್ಯ ಮಾಡಿದ್ದಾರೆ. ಇರುವ ಕೆಲವೇ ಹಕ್ಕಿಗಳಿಗೆ ಆ ಬಂಡೆಗಳೇ ಆಸರೆ.

ಈಗ ನಮ್ಮ ಬನಕ್ಕೆ ಬರುತ್ತೇನೆ.

ಇಪ್ಪತ್ತು ಸೆಂಟ್ಸ್ ಜಾಗ ಇರಬಹುದು, ಅಷ್ಟೇ. ನಡುವೆ ನಾಗನ ಕಲ್ಲು. ಸುತ್ತ ರೆಂಜೆ, ಹಾಲೆಮರ, ಒಂದು ದೊಡ್ಡ ಗೋಳಿಮರ, ಅಂಚಲ್ಲಿ ಅತ್ತಿಮರ. ಮರದಿಂದ ಮರಕ್ಕೆ ತೊಡೆಯಷ್ಟು ದಪ್ಪದ ಬಳ್ಳಿಗಳು. ಅಲ್ಲಿಂದ ಒಂದು ಒಣ ಪುರಳೆಯನ್ನೂ ಒಲೆಗೆ ತರಲು ಅಮ್ಮ ಬಿಡುತ್ತಿರಲಿಲ್ಲ. ಬನಕ್ಕೆ ಕತ್ತಿ ತಾಗಿಸಬಾರದು, ಅಷ್ಟೇ. ಕಾರಣ ಯಾರೂ ಹೇಳುತ್ತಿರಲಿಲ್ಲ. ಬನದ ಪಕ್ಕದ ಬಾವಿ ಏಪ್ರಿಲಿನಲ್ಲೂ ಬತ್ತಿದ್ದನ್ನು ನಾನು ಕಂಡಿಲ್ಲ. ಬನದ ಕೇರೆಹಾವು ಗದ್ದೆಗೆ ಇಳಿದು ಇಲಿ ಹಿಡಿಯುತ್ತಿತ್ತು. ಗೋಳಿಹಣ್ಣು ತಿಂದ ಬಾವಲಿ, ಕುಟ್ರುಹಕ್ಕಿಗಳು ಊರೆಲ್ಲ ಬೀಜ ಬಿತ್ತುತ್ತಿದ್ದವು.

ಅತ್ತಿಹಣ್ಣು ಬಿಚ್ಚಿದರೆ ಬರೀ ಹುಳ ಅಂತ ನಾವು ತಿರಸ್ಕಾರದಲ್ಲಿ ಹೇಳುತ್ತೇವಲ್ಲ, ಆ ಹುಳ ಇಲ್ಲದಿದ್ದರೆ ಅತ್ತಿಮರಕ್ಕೆ ಬೀಜವೇ ಇಲ್ಲ. ಅತ್ತಿಯ ಹೂ ಕಾಯಿಯ ಒಳಗೆ ಇರುತ್ತದೆ. ಎಳ್ಳಿಗಿಂತ ಸಣ್ಣ ಕಣಜವೊಂದು ಕಾಯಿಯ ತುದಿಯ ತೂತಿನಿಂದ ನುಗ್ಗುತ್ತದೆ. ಆ ಇಕ್ಕಟ್ಟಿನಲ್ಲಿ ಅದರ ರೆಕ್ಕೆ ಮುರಿದುಹೋಗುತ್ತದೆ. ಒಳಗೆ ಪರಾಗ ತಾಗಿಸಿ, ಮೊಟ್ಟೆ ಇಟ್ಟು, ಅಲ್ಲೇ ಸಾಯುತ್ತದೆ. ಮರಿಗಳಲ್ಲಿ ಗಂಡುಗಳು ಸುರಂಗ ಕೊರೆಯುತ್ತವೆ, ಹೆಣ್ಣುಗಳು ಪರಾಗ ಹೊತ್ತು ಹೊರಗೆ ಹಾರಿ ಇನ್ನೊಂದು ಮರ ಹುಡುಕುತ್ತವೆ. ಬದುಕುವುದು ಒಂದೆರಡು ದಿನ. ಅಷ್ಟರಲ್ಲಿ ಕಾಯಿ ಬಿಟ್ಟ ಇನ್ನೊಂದು ಅತ್ತಿಮರ ಸಿಗಬೇಕು. ಒಂದೊಂದೇ ಮರ ಕಡಿಯುತ್ತ ಹೋದರೆ ಆ ಹುಳ ಎಲ್ಲಿಗೆ ಹೋಗಬೇಕು?

ನನ್ನ ಸಂಕಟ ಏನಂದರೆ, ನಮ್ಮ ಕಡೆ ಎಷ್ಟೋ ಬನಗಳು ಕಾಂಕ್ರೀಟ್ ಆದದ್ದು ಭಕ್ತಿ ಕಮ್ಮಿಯಾಗಿ ಅಲ್ಲ. ಭಕ್ತಿಯಿಂದಲೇ. ಮುಂಬಯಿಯಲ್ಲಿ ಹೋಟೆಲಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ನಮ್ಮವರು, ನಾಗನಿಗೆ ಒಳ್ಳೆಯದಾಗಲಿ ಅಂತ ಬೆವರಿನ ದುಡ್ಡು ಕಳಿಸಿದರು. ಆ ದುಡ್ಡಲ್ಲಿ ಮರ ಹೋಯಿತು, ಕಟ್ಟೆ ಬಂತು, ಟೈಲ್ಸ್ ಬಂತು. ಕಲ್ಲಿನ ನಾಗನಿಗೆ ಹಾಲೆರೆಯುತ್ತೇವೆ, ಜೀವದ ನಾಗನಿಗೆ ಹುತ್ತಕ್ಕೆ ಜಾಗ ಇಲ್ಲ. ನಾನೂ ಹಿಂದೆ ಒಂದು ಸಲ ಹೀಗೆ ದುಡ್ಡು ಕೊಟ್ಟವಳೇ. ಸಂಬಂಧಿಕರ ಬನ ಅದು. ಮುಂದಿನ ವರ್ಷ ನಾಗನ ಪೂಜೆಗೆ, ಆಶ್ಲೇಷಾ ಬಲಿಗೆ, ಹೋದಾಗ ಬಿಸಿಲಿಗೆ ಕಾದ ನೆಲದಲ್ಲಿ ಕಾಲು ಊರಲು ಆಗಲಿಲ್ಲ.

ವಾರ ಮುಗಿದ ಮೇಲೆ ತಮ್ಮನಿಗೆ ಫೋನ್ ಮಾಡಿದೆ. ದುಡ್ಡು ಕೊಡುತ್ತೇನೆ, ಆದರೆ ಸಿಮೆಂಟಿಗಲ್ಲ ಅಂದೆ. ಸುತ್ತ ಕೆಂಪುಕಲ್ಲಿನ ಪಾಗಾರ ಕಟ್ಟಿಸು, ದನ ಒಳಗೆ ನುಗ್ಗದ ಹಾಗೆ. ಕಲ್ಲಿನವರೆಗೆ ಒಬ್ಬರು ನಡೆಯುವಷ್ಟು ದಾರಿ ಬಿಡಿಸು. ಉಳಿದದ್ದು ಹಾಗೇ ಇರಲಿ. ಅವನು ಹಿರಿಯರನ್ನು ಕೇಳಬೇಕು ಅಂದ. ದೊಡ್ಡಪ್ಪನಿಗೆ ಎಂಬತ್ತೆಂಟು ವರ್ಷ. ಅವರೇ ಫೋನ್ ತಗೊಂಡು, "ಮಗ, ನಾವ್ ಸಣ್ಣದಿರುವಾಗ್ಳೂ ಹಂಗೇ ಇದ್ದಿತ್ತ್" ಅಂದರು. ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ.

ನಿನ್ನೆ ತಮ್ಮ ಮತ್ತೆ ಫೋನ್ ಮಾಡಿದ. ಪಾಗಾರಕ್ಕೆ ಕಲ್ಲು ಬಂದಿದೆಯಂತೆ. ಬನದಲ್ಲಿ ರೆಂಜೆ ಹೂ ಉದುರಿ ನೆಲ ಕಾಣುತ್ತಿಲ್ಲವಂತೆ. ಅವನ ಮಗಳು ಕೂತು ಬಾಳೆನಾರಿನಲ್ಲಿ ಪೋಣಿಸಿದ ಮಾಲೆಯನ್ನು ರಾತ್ರಿ ಬಸ್ಸಿಗೆ ಹಾಕಿದ್ದಾನೆ. ಈ ರೆಕಾರ್ಡಿಂಗ್ ಮುಗಿಸಿಕೊಂಡು ನಾನು ಆ ಪಾರ್ಸೆಲ್ ತರಲು ಹೋಗಬೇಕು.

ನಮಸ್ಕಾರ.